ಹಸಿರು ಹಾಳೆ

ಗುರುವಾರ ಸಂಜೆ ಅಚ್ಚಿನ ಯಂತ್ರ ಮುಟ್ಟಿದರೆ ಸುಡುತ್ತದೆ.
ಒಂದು ಸಾವಿರದ ನಾನೂರ ಆರು ಹಾಳೆ, ತೆಳು ಹಸಿರು.
ಬಿಳಿಯದು ಕಳೆದುಹೋಗುತ್ತದೆ, ಹಳದಿ ದಂಡದ ಚೀಟಿಯಂತೆ ಕಾಣುತ್ತದೆ
ಎಂದು ನನಗಿಂತ ಮುಂಚಿನವರು ಯಾರೋ ತೀರ್ಮಾನಿಸಿದ್ದು.
ಮಡಚಿ, ತರಗತಿವಾರು ರಬ್ಬರ್ ಬ್ಯಾಂಡ್ ಹಾಕಿ,
ಶುಕ್ರವಾರ ಮಧ್ಯಾಹ್ನ ಮಕ್ಕಳ ಬ್ಯಾಗಿಗೆ ತುರುಕುವುದು.
ಹದಿನೇಳು ವರ್ಷದಿಂದ ಇದು ನನ್ನ ಕೆಲಸ,
ನೆಬ್ರಾಸ್ಕದ ಈ ಊರಲ್ಲಿ,
ಜೋಳ ಕಟಾವಾದ ಮೇಲೆ ದಿಗಂತಕ್ಕೆ ಅಡ್ಡ ನಿಲ್ಲುವುದು
ನೀರಿನ ಟ್ಯಾಂಕು, ಕಸಾಯಿಖಾನೆಯ ಹಬೆ, ಅಷ್ಟೇ.

ಹಾಳೆಯಲ್ಲಿ ಏನಿರುತ್ತದೆ?
ಒಂಬತ್ತನೇ ನಂಬರಿನ ಬಸ್ಸು ಇನ್ನು ರೈಲು ಹಳಿಯಾಚೆಗೆ ಬಾರದು.
ಎರಡನೇ ತರಗತಿಯಲ್ಲಿ ಹೇನು ಕಂಡಿದೆ, ಗಾಬರಿ ಬೇಡ.
ಕಳೆದ ವಸ್ತುಗಳ ಪೆಟ್ಟಿಗೆಯಲ್ಲಿ ಎಡಗೈಯ ಹನ್ನೊಂದು ಗ್ಲೌಸು.
ಸೋಮವಾರ ಮಂಡಳಿಯ ಸಭೆ, ಎಲ್ಲರಿಗೂ ಸ್ವಾಗತ.

ಎಲ್ಲರಿಗೂ ಸ್ವಾಗತ ಎಂದಾಗಲೆಲ್ಲ
ನಲವತ್ತು ಮಡಿಚುಕುರ್ಚಿ ಹಾಕಿಸುತ್ತೇವೆ.
ಬರುವವರು ಐದು ಮಂದಿ, ಅದರಲ್ಲಿ ಇಬ್ಬರು
ಮಂಡಳಿಯವರ ಗಂಡಂದಿರು.

'ಪೋಷಕರಿಗೆ ಆಸಕ್ತಿಯಿಲ್ಲ' ಎಂದು
ವರ್ಷದ ವರದಿಯಲ್ಲಿ ಬರೆದವಳು ನಾನೇ.
ಟೈಪು ಮಾಡಿದ್ದು ಮಾತ್ರ ಅನ್ನಬಹುದು. ಅನ್ನುವುದಿಲ್ಲ.

ನವೆಂಬರಿನಲ್ಲಿ ತೊಮಾಸಾ ಷಿಲೋಹಳ ಮನೆಗೆ ಹೋದೆ,
ಮೂರನೇ ತರಗತಿಯ ಎಲ್ಮೆರನ ಲಸಿಕೆಯ ಕಾಗದಕ್ಕೆ ಸಹಿ ಬೇಕಿತ್ತು.
ಟ್ರೈಲರ್ ಮನೆ. ರಾತ್ರಿಪಾಳಿ ಮುಗಿಸಿ ಬಂದವಳ ಕೈ
ಬಿಸಿನೀರಿಗೂ ಕ್ಲೋರಿನ್ನಿಗೂ ಬೆಂದು ಸುಕ್ಕುಗಟ್ಟಿತ್ತು.
ನನ್ನ ಹರಕು ಸ್ಪ್ಯಾನಿಷ್ ಹೊರತೆಗೆದೆ.
ಅವಳೂ ತನ್ನದನ್ನು ತೆಗೆದಳು. ಅದೂ ಹರಕೇ.
ಅವಳ ಮಾತು ಕಿಚೆ, ಗ್ವಾಟೆಮಾಲದ ಬೆಟ್ಟದ್ದು,
ಗಂಟಲ ಹಿಂದೆ ಬೀಜ ಒಡೆದಂತೆ ಬರುವುದು.
ಹದಿನೇಳು ವರ್ಷದಲ್ಲಿ ಆ ಹೆಸರು
ನನ್ನ ಯಾವ ಪಟ್ಟಿಯಲ್ಲೂ ಇರಲಿಲ್ಲ.

ರೊಟ್ಟಿ ಸುತ್ತುವ ಬಟ್ಟೆ ಬಿಚ್ಚಿ ತೋರಿಸಿದಳು.
ಒಳಗೆ ಹಸಿರು ಹಾಳೆಗಳು,
ಆಗಸ್ಟಿನಿಂದ ಈಚಿನವು, ಒಂದೂ ಬಿಡದೆ, ಸರದಿಯಂತೆ,
ನನ್ನ ಮಡಿಕೆಯ ಗುರುತನ್ನು ಅಂಗೈಯಲ್ಲಿ ತೀಡಿ ತೀಡಿ ನೆಟ್ಟಗೆ ಮಾಡಿದ್ದು.
ಎಲ್ಮೆರ್ ಹೇಳಿದ: ಅಮ್ಮನಿಗೆ ಓದೋಕೆ ಬರಲ್ಲ.
ಶಾಲೆಯಿಂದ ಬಂದದ್ದನ್ನ ಬಿಸಾಡಬಾರದಂತೆ.

ನನಗೆ ಕಣ್ಣೀರು ಬರಲಿಲ್ಲ, ಲೆಕ್ಕ ಬಂತು.
ಬಸ್ಸು ನಿಲ್ಲದ ಆ ಎರಡು ವಾರ,
ಹುಡುಗ ಒಂಬತ್ತು ದಿನ ತಡ ಎಂದು ನಾನು ಕೆಂಪಿನಲ್ಲಿ ಬರೆದದ್ದು.
ಬಸ್ಸು ಬಾರದೆಂಬ ಸುದ್ದಿ ಆ ಮನೆಯಲ್ಲೇ ಇತ್ತು,
ರೊಟ್ಟಿಯಷ್ಟೇ ಜೋಪಾನವಾಗಿ.

ಜನವರಿಯಿಂದ ಶುಕ್ರವಾರ ಫೋನಿಗೆ ಒಂದು ದನಿ ಹೋಗುತ್ತದೆ.
ಪ್ರೌಢಶಾಲೆಯ ಮಿಕಾಎಲಾ ಓದುತ್ತಾಳೆ, ನನ್ನ ಮೇಜಿನಡಿ ತೂರಿ ಕೂತು;
ಯಂತ್ರದ ಸದ್ದು ಕಡಿಮೆ ಇರುವುದು ಅಲ್ಲೊಂದೇ ಕಡೆ.
ಮಂಡಳಿ ಎಂಬುದಕ್ಕೆ ಏನನ್ನುವುದು ಎಂದು
ಪೆನ್ಸಿಲು ಕಚ್ಚಿ ಕಚ್ಚಿ ಅವಳೇ ಅಂದಳು:
ಕೂತು ತೀರ್ಮಾನಿಸುವವರು.
ಅಧ್ಯಕ್ಷೆ ವರ್ನಾ ಕೋಲ್ಟರ್ಮನ್ನರಿಗೆ ಹೇಳಿದೆ.
'ಕೂರುವುದಂತೂ ನಿಜ' ಎಂದರು.

ಫೆಬ್ರವರಿಯ ಸಭೆಗೆ ಏಳು ಮಂದಿ.
ವರದಿಯಲ್ಲಿ ಬರೆಯುವಂಥ ಏರಿಕೆಯಲ್ಲ.
ಒಬ್ಬಳು ಮಿಕಾಎಲಾ. ಇನ್ನೊಬ್ಬಳು ತೊಮಾಸಾ,
ಪಾಳಿಗೆ ಹೊರಟ ರಬ್ಬರ್ ಬೂಟಿನಲ್ಲೇ.
ತಲಾ ಮೂರು ನಿಮಿಷ. ಗಡಿಯಾರ ಓಡತೊಡಗಿತು.
'ಇವರು ಕೇಳ್ತಿದ್ದಾರೆ,' ಎಂದಳು ಮಿಕಾಎಲಾ,
'ಹೋದ ಬುಧವಾರ ಊಟಕ್ಕೆ ಪೇರ್ ಹಣ್ಣು ಅಂದಿರಿ.
ಮಗ ಬಂದು ಪೀಚ್ ಕೊಟ್ಟರು ಅಂದ.
ನಿಮ್ಮಿಬ್ಬರಲ್ಲಿ ಯಾರದು ಸುಳ್ಳು?'

ಮಂಡಳಿ ಒಬ್ಬರ ಮುಖ ಒಬ್ಬರು ನೋಡಿತು.
ಅಡುಗೆಯವರಿಗೆ ಅಲ್ಲಿಂದಲೇ ಫೋನು ಹೋಯಿತು.
ಪೀಚ್. ಲಾರಿ ತಡವಾಗಿತ್ತು.
ನಡಾವಳಿಯಲ್ಲಿ ಹಾಗೇ ಬರೆದುಕೊಂಡೆ.

ತೊಮಾಸಾ ತಲೆಯಾಡಿಸಿದಳು. ಹುಡುಗನದು ನಿಜ.
ಇನ್ನೂ ನಲವತ್ತು ಸೆಕೆಂಡು ಉಳಿದಿತ್ತು.
ಕೂರಲಿಲ್ಲ. ಗಂಟಲು ಸರಿಮಾಡಿಕೊಂಡು,
ಇನ್ನು ಬಸ್ಸಿನ ವಿಷಯ, ಅಂದಳು.